ಡೋನಲ್ ಅವರ ಫ್ರೆಂಚ್ ವಿಮಾನ

ಐರ್ಲೆಂಡಿನ ಅತ್ಲೋನ್ ರೈಲ್ವೆ ಸ್ಟೇಷನ್ನಿನಲ್ಲಿ ಆಯುಸ್ಸೆಲ್ಲ ಸಿಗ್ನಲ್ ಕಾಯ್ದ ಡೋನಲ್ ಒಮ್ಮೆಯೂ ವಿಮಾನ ಹತ್ತಿದವರಲ್ಲ. ಆದರೆ ನಿವೃತ್ತಿಯಾದದ್ದೇ ತಡ, ಶೆಡ್ಡಿನಲ್ಲಿ ಕೂತು ಮರದ ಪುಟ್ಟ ಮಾದರಿ ವಿಮಾನ ಮಾಡುವ ಹುಚ್ಚು ಹಿಡಿಸಿಕೊಂಡರು! ಅದೂ ಎಂಥದ್ದು? ಎರಡು ಮಹಾಯುದ್ಧಗಳ ನಡುವೆ ಫ್ರೆಂಚ್ ಸೈನ್ಯ ಹಾರಿಸುತ್ತಿದ್ದ ಬ್ರೆಗೆ ಹತ್ತೊಂಬತ್ತು ಎಂಬ ವಿಮಾನದ್ದು. ಒಂದರ ಮೇಲೊಂದು ಎರಡು ರೆಕ್ಕೆ, ಮೇಲಿನದು ಅಗಲ, ಕೆಳಗಿನದು ಗಿಡ್ಡ. "ಅಣ್ಣನ ನೆರಳಲ್ಲಿ ತಮ್ಮ" ಎಂದು ನಗುತ್ತಿದ್ದರು.

ಪಕ್ಕದ ಮನೆಯ ಸತ್ಯಪ್ರಕಾಶ್ ಮೈಸೂರಿನವನು, ಸಾಫ್ಟ್‌ವೇರ್ ಟೆಸ್ಟರ್. ಅಪ್ಪನ ಹೂವಿನಂಗಡಿಯಲ್ಲಿ ಮಲ್ಲಿಗೆ ಕಟ್ಟಿ ಪಳಗಿದ ಬೆರಳು ಅವನವು. ಡೋನಲ್ ಅವರ ಕೈಯೋ, ನಡುಗುತ್ತಿತ್ತು. ಹಾಗಾಗಿ ರೆಕ್ಕೆಗಳ ನಡುವಿನ ಸಣ್ಣ ತಂತಿಗಳನ್ನು ಬಿಗಿಯುವ ಕೆಲಸ ಇವನದೇ ಎಂದು ಮಾತಾಗಿತ್ತು. ಅಷ್ಟರಲ್ಲಿ ಕೊರೊನಾ ಬಂತು. ಎಪ್ಪತ್ತು ದಾಟಿದವರು ಹೊಸ್ತಿಲು ದಾಟುವಂತಿಲ್ಲ!

ಬೇಸಿಗೆಯಲ್ಲಿ ನಿಯಮ ಸಡಿಲವಾದ ದಿನವೇ ಸತ್ಯಪ್ರಕಾಶ್ ಬೇಲಿಯ ಬಳಿ ಓಡಿದ.

"ಡೋನಲ್, ಹೊರಗೇ ಟೇಬಲ್ ಹಾಕ್ಕೊಂಡು ತಂತಿ ಕಟ್ಟೋಣವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಬೇಡ ಬೇಡ, ನಾನು ಗ್ರ್ಯಾಂಡ್ ಆಗಿದೀನಿ," ಎಂದರು ಅವರು. ಗ್ರ್ಯಾಂಡ್ ಅಂದರೆ ಅಲ್ಲಿಯವರ ಮಾತಿನಲ್ಲಿ ಆರಾಮಾಗಿದೀನಿ, ಏನೂ ಬೇಡ ಎಂದರ್ಥ.

ಮುಖ ಸಣ್ಣದು ಮಾಡಿಕೊಂಡು ಒಳಬಂದ ಗಂಡನಿಗೆ ರತ್ನಾ, "ಇನ್ನೊಂದ್ಸಲ ಕೇಳ್ರೀ," ಎಂದಳು.

"ಇದೇನು ನಮ್ಮೂರಾ? ಇವ್ರು ಬೇಡ ಅಂದ್ರೆ ಬೇಡ ಅಷ್ಟೇ. ಬಲವಂತ ಮಾಡಿದ್ರೆ ಚೆನ್ನಾಗಿರಲ್ಲ."

"ಓಹೋ, ನಮ್ಮಮ್ಮನ ಮನೇಲಿ ಬೇಡ ಬೇಡ ಅಂತಾನೇ ನಾಲ್ಕು ಒಬ್ಬಟ್ಟು ಇಳಿಸಿದ ಮಹಾನುಭಾವ್ರು ಮಾತಾಡ್ತಿದ್ದಾರೆ!"

ಅವನು ನಕ್ಕ. ಕೇಳಲು ಮಾತ್ರ ಹೋಗಲಿಲ್ಲ. ಬೇಲಿಯಾಚೆ ಕೈ ಬೀಸುವುದು, ಮಳೆ ಬಿಸಿಲಿನ ಮಾತು, ಇಷ್ಟರಲ್ಲೇ ಬೇಸಿಗೆ ಮುಗಿದುಹೋಯಿತು.

ಅಕ್ಟೋಬರಿನಲ್ಲಿ ಡೋನಲ್ ಹೃದಯಾಘಾತವಾಗಿ ತೀರಿಕೊಂಡರು. ಚರ್ಚಿನೊಳಗೆ ಕೆಲವರಿಗಷ್ಟೇ ಅವಕಾಶ. ಬೀದಿಯವರೆಲ್ಲ ತಂತಮ್ಮ ಗೇಟಿನ ಮುಂದೆ ನಿಂತು, ಶವದ ಕಾರು ಹಾದುಹೋಗುವಾಗ ತಲೆಬಾಗಿದರು.

ಆಮೇಲೊಂದು ದಿನ ಅವರ ತಂಗಿ ಬ್ರೀಡಾ ಮಾಸ್ಕ್ ಹಾಕಿಕೊಂಡು ಬಂದು ವಿಮಾನವನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟರು. ಡೋನಲ್ ತಂತಿಗಳನ್ನು ತಾವೇ ಕಟ್ಟಲು ಹೋಗಿದ್ದರು. ಒಂದೂ ಬಿಗಿಯಿರಲಿಲ್ಲ, ಗಂಟುಗಂಟಿಗೂ ಅಂಟು ಮೆತ್ತಿಕೊಂಡಿತ್ತು.

"ನೀನು ಇನ್ನೊಂದು ಸಲ ಕೇಳ್ತೀಯ ಅಂತ ಹೊರಗಡೆ ಟೇಬಲ್ ಒರೆಸಿಟ್ಟಿದ್ದ," ಎಂದರು ಬ್ರೀಡಾ. "ಮೊದಲನೇ ಸಲಕ್ಕೇ ಹೂಂ ಅನ್ನೋಕೆ ನಮ್ಮ ಕಡೆಯವರಿಗೆ ಸಂಕೋಚ."

ನಮ್ಮಲ್ಲೂ ಹಾಗೇ ಅಲ್ಲವೇ ಎನ್ನಿಸಿ ಸತ್ಯಪ್ರಕಾಶ್ ಸಡಿಲ ತಂತಿಯೊಂದನ್ನು ಬೆರಳಲ್ಲಿ ಎಳೆದು ನೋಡಿದ.

"ನಾನು ಕೇಳಬೇಕಿತ್ತು," ಎಂದ. ಪರವಾಗಿಲ್ಲ ಬಿಡು ಎನ್ನುತ್ತಾರೇನೋ ಎಂದು ಅವರ ಮುಖ ನೋಡಿದ.

"ಹೌದು," ಎಂದರು ಬ್ರೀಡಾ, "ಕೇಳಬೇಕಿತ್ತು."