ಹತ್ರಿ ಸರ್, ಬಿಡ್ತೀನಿ

ರಾಯಚೂರಿನ ಡಾಕ್ಟರು ನನ್ನ ರಕ್ತದ ರಿಪೋರ್ಟು ನೋಡಿ ಮೂರು ತಿಂಗಳ ಗಡುವು ಕೊಟ್ಟರು. ತೂಕ ಇಳಿಸಿ, ಅನ್ನ ಕಡಿಮೆ ಮಾಡಿ, ದಿನಾ ನಡೆಯಿರಿ, ಆಗಲೂ ಸಕ್ಕರೆ ಇಳಿಯದಿದ್ದರೆ ಮಾತ್ರೆ ಶುರು ಮಾಡೋಣ ಎಂದರು. ಅವರು ಸಮಾಧಾನವಾಗಿಯೇ ಹೇಳಿದರು. ನನ್ನ ಕಣ್ಣ ಮುಂದೆ ಮಾತ್ರ ಅಪ್ಪನ ಬಲಗಾಲು ಬಂದು ನಿಂತಿತು. ಅರಕೇರಾದ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಅಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದು, ಜಾಲಿ ಮುಳ್ಳು ಚುಚ್ಚಿದ್ದೇ ಗೊತ್ತಾಗಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಪಾದ ಕೊಳೆತಿತ್ತು. ದೇವದುರ್ಗದಿಂದ ರಾಯಚೂರಿಗೆ ಒಯ್ದು ಕತ್ತರಿಸಿದರು. ರಿಪೋರ್ಟು ಬಂದ ದಿನದಿಂದ ನಾನು ಸ್ನಾನಕ್ಕೆ ಕೂತಾಗಲೆಲ್ಲ ಎರಡೂ ಅಂಗಾಲು ತಿರುಗಿಸಿ ನೋಡಿಕೊಳ್ಳತೊಡಗಿದೆ.

ನಾನು ಮಾಸ್ತರ. ಮನೆ ಮಾನ್ವಿಯಲ್ಲಿ, ಶಾಲೆ ಕುರ್ಡಿ ಕಡೆಯ ಒಂದು ಹಳ್ಳಿಯಲ್ಲಿ. ಬಸ್ಸಿಳಿಯುವ ಕ್ರಾಸಿನಿಂದ ಶಾಲೆಗೆ ಮೂರು ಕಿಲೋಮೀಟರು. ಅದನ್ನು ನಡೆದೇ ಹೋಗುವುದೆಂದು ನಿಶ್ಚಯಿಸಿದೆ. ಆದರೆ ಮಾಸ್ತರ ಬಿಸಿಲಲ್ಲಿ ನಡೆಯುವುದನ್ನು ಕಂಡು ಸುಮ್ಮನೆ ಹೋಗುವಷ್ಟು ಮರ್ಯಾದೆಗೆಟ್ಟವರು ನಮ್ಮ ಕಡೆ ಯಾರೂ ಇಲ್ಲ. ನಾಲ್ಕು ಹೆಜ್ಜೆ ಹಾಕುವುದರೊಳಗೆ ಬೈಕೊಂದು ನಿಲ್ಲುತ್ತಿತ್ತು.

"ಹತ್ರಿ ಸರ್, ಬಿಡ್ತೀನಿ."

ಬೇಡವೆಂದರೆ, "ನಮ್ಮ ಮ್ಯಾಲ ಸಿಟ್ಟೇನ್ರೀ?" ಕಾಯಿಲೆ ಇದೆಯೆನ್ನಲು ನನಗೆ ನಾಚಿಕೆ. ಹತ್ತಿ ಕೂತು, ಹಿಂದಿನ ಸೀಟಿನಲ್ಲಿ ಗಡುವಿನ ದಿನ ಎಣಿಸುತ್ತಿದ್ದೆ. ಮೊದಲ ತಿಂಗಳು ಹೀಗೇ ಹಾಳಾಯಿತು. ತೂಕ ಅಲ್ಲಾಡಲಿಲ್ಲ.

ಒಂದು ಬೆಳಿಗ್ಗೆ ಊರಾಚೆಯ ಕೇರಿಯ ಗೌಂಡಿಯೊಬ್ಬ ಗಾಡಿ ನಿಲ್ಲಿಸಿದ. ಮನೆ ಕಟ್ಟುವ ಕೆಲಸ ಅವನದು, ಅವನ ಮಗಳು ನನ್ನ ಶಾಲೆಯಲ್ಲಿ ಓದುತ್ತಿದ್ದಳು. ಇವತ್ತು ಗಟ್ಟಿಯಾಗಿರಬೇಕೆಂದು ನಾನು ಬೇಡವೆಂದೆ. ಅವನ ಮುಖ ಸಪ್ಪಗಾಯಿತು.

"ನಮ್ಮ ಗಾಡಿ ಮ್ಯಾಲ ಕೂಡಂಗಿಲ್ಲೇನ್ರೀ ಸರ್?"

ನಾನೂ ಅಂಥದೇ ಕೇರಿಯಲ್ಲಿ ಹುಟ್ಟಿದವನೆಂದು ಅವನಿಗೆ ತಿಳಿಯದು. ಗೌಡರ ಬಂಡಿಯ ಹಿಂದೆ ಧೂಳು ನುಂಗುತ್ತ ನಡೆದವನು ನನ್ನ ಅಪ್ಪ. ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ.

"ಹಂಗಲ್ಲಪಾ, ನನಗ ಶುಗರ್ ಅದ. ನಡೀಲಿಲ್ಲಂದ್ರ ನಮ್ಮಪ್ಪನಂಗ ಕಾಲು ಹೋಗ್ತದ."

"ಮದ್ಲ ಹೇಳಬಾರದೇನ್ರೀ!" ಎಂದು ನಕ್ಕು ಹೊರಟ.

ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಮರುದಿನದಿಂದ ಒಂದು ಗಾಡಿಯೂ ನಿಲ್ಲಲಿಲ್ಲ. "ನಡೀರಿ ಸರ್, ನಡೀರಿ!" ಎಂದು ಹಾರ್ನ್ ಹೊಡೆದು ಹೋಗುತ್ತಿದ್ದರು. ತೂಕ ಇಳಿಯತೊಡಗಿತು. ಆದರೂ ಉಳಿದ ದಿನಗಳು ಸಾಕಾಗುವುದಿಲ್ಲವೆಂಬ ಗಾಬರಿ. ಬೆಳಗಿನ ರೊಟ್ಟಿಯನ್ನೂ ಬಿಟ್ಟೆ. ಹೆಂಡತಿ ಬೈದಳು, ನಾನು ಕೇಳಲಿಲ್ಲ.

ಗಡುವಿಗೆ ಇನ್ನೊಂದು ವಾರವಿತ್ತು. ಎಂಟು ಗಂಟೆಗೇ ಬಿಸಿಲು ಸುಡುತ್ತಿತ್ತು. ಅರ್ಧ ದಾರಿಯಲ್ಲಿ ಕಣ್ಣಿಗೆ ಕತ್ತಲೆ ಬಂತು. ಪಾದ ನೆಲದ ಮೇಲಿದೆಯೋ ಇಲ್ಲವೋ ತಿಳಿಯಲಿಲ್ಲ. ಅಪ್ಪನಿಗೂ ಹೀಗೇ ಶುರುವಾಗಿತ್ತೇನೋ ಎಂದು ಜೀವ ಬಾಯಿಗೆ ಬಂತು. ಬೈಕೊಂದು ಕಂಡಿತು. ಕೈ ಎತ್ತಿದೆ.

"ಶಾಬಾಸ್ ಸರ್, ನಡೀರಿ!" ಎಂದು ಅವನೂ ಕೈ ಎತ್ತಿ ಹೋದ. ಹಿಂದೆ ಬಂದವನೂ ಹಾಗೇ ಮಾಡಿದ. ಕೂಗಲು ದನಿ ಹೊರಡಲಿಲ್ಲ. ಬೇವಿನ ಮರದ ಬುಡದಲ್ಲಿ ಕುಸಿದು ಕೂತು ಅತ್ತೆ.

ಆಮೇಲೆ ಬಂದವನು ಆ ಗೌಂಡಿ. ದೂರದಿಂದಲೇ ಹಾರ್ನ್ ಹೊಡೆದವನು ಹತ್ತಿರ ಬಂದು ಮುಖ ನೋಡಿದ್ದೇ ಗಾಡಿ ನಿಲ್ಲಿಸಿದ. ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಕೊಟ್ಟ. ಗಡುವು ನೆನಪಾಗಿ ನಾನು ಆಗಲೂ ಹಿಂಜರಿದೆ.

"ತಿನ್ರಿ ಸರ್. ಆಮ್ಯಾಲ ಬಾಯಿ ಮುಚಗೊಂಡು ಗಾಡಿ ಹತ್ರಿ."

ತಿಂದೆ, ಹತ್ತಿದೆ.

ಮುಂದಿನ ವಾರ ಡಾಕ್ಟರು ಮಾತ್ರೆ ಸದ್ಯಕ್ಕೆ ಬೇಡ ಎಂದರು. ಉಪವಾಸ ನಡೆದದ್ದಕ್ಕೆ ಮನಸಾರೆ ಬೈದು, ಮತ್ತೆ ಮೂರು ತಿಂಗಳ ಗಡುವು ಕೊಟ್ಟರು. ಅಂಗಾಲು ನೋಡಿಕೊಳ್ಳುವುದು ಇನ್ನೂ ನಿಂತಿಲ್ಲ. ಈಗ ರೊಟ್ಟಿ ತಿಂದೇ ನಡೆಯುತ್ತೇನೆ. ಎಲ್ಲರೂ ಹಾರ್ನ್ ಹೊಡೆದು ಹೋಗುತ್ತಾರೆ. ಗೌಂಡಿ ಮಾತ್ರ ಪಕ್ಕಕ್ಕೆ ಬಂದು ಗಾಡಿ ನಿಧಾನ ಮಾಡಿ, ಮೊದಲು ನನ್ನ ಮುಖ ನೋಡಿ, ಆಮೇಲೆ "ನಡೀರಿ" ಅನ್ನುತ್ತಾನೆ.