ಸ್ಕೋಪ್ ಆರಿಸಿಕೊಡುತ್ತಿದ್ದ ಮಾಸ್ಟ್ರು

ಮಾಸ್ಟ್ರ ಬಲಹುಬ್ಬಿನ ಮೇಲೆ ಕುಡುಗೋಲಿನಂತೆ ಬಾಗಿದ ಒಂದು ಗಾಯದ ಕಲೆ ಇತ್ತು. ಯಾವುದೋ ಕಾಲದಲ್ಲಿ ಮರುಭೂಮಿಯಲ್ಲಿ ಹೊಸ ಸ್ಕೋಪನ್ನು, ಅಂದರೆ ಗುರಿ ನೋಡಲು ಕೋವಿಯ ಮೇಲೆ ಕೂರಿಸುವ ದುರ್ಬೀನನ್ನು, ಪರೀಕ್ಷಿಸುವಾಗ ಕಣ್ಣನ್ನು ತೀರಾ ಹತ್ತಿರ ಇಟ್ಟಿದ್ದರಂತೆ. ಗುಂಡು ಹಾರಿದ ರಭಸಕ್ಕೆ ಕೋವಿ ಹಿಂದಕ್ಕೆ ಬಂದು ಸ್ಕೋಪಿನ ಅಂಚು ಹುಬ್ಬಿಗೆ ಬಡಿಯಿತು. ಅವರು ಜೀವನದಲ್ಲಿ ಹಾರಿಸಿದ್ದು ಅದೊಂದೇ ಗುಂಡು. ಅಲ್ಲಿಂದ ಮುಂದೆ ಯಾವ ಗಿರಾಕಿ ಬಂದರೂ ಮೊದಲು ಅವನ ಕಣ್ಣಿಗೂ ಗಾಜಿಗೂ ನಡುವೆ ತಮ್ಮ ನಾಲ್ಕು ಬೆರಳು ಅಡ್ಡ ಇಟ್ಟು ನೋಡುವರು. ಅಷ್ಟು ದೂರದಿಂದ ಪೂರ್ತಿ ಕಾಣದ ಸ್ಕೋಪು ಎಷ್ಟೇ ಬೆಲೆಯದ್ದಾಗಿರಲಿ, ಪೆಟ್ಟಿಗೆಗೆ ವಾಪಸ್.

ತೊಂಬತ್ತರ ದಶಕದ ನಡುವಿನ ಮಾತು. ಕೊಲ್ಲಿ ದೇಶದ ಮೀನಾ ಸಲ್ಮಾನ್ ಬಂದರಿನ ಗೋದಾಮುಗಳ ಸಾಲಿನಲ್ಲಿ ನಮ್ಮ ಸ್ಕೋಪಿನ ಅಂಗಡಿ. ಬೇಟೆಗೆಂದು ಹೊರದೇಶಗಳಿಗೆ ಹೋಗುವ ಶ್ರೀಮಂತರು ನಮ್ಮ ಗಿರಾಕಿಗಳು. ಮಾಸ್ಟ್ರು ಒಂದು ಕಾಲದಲ್ಲಿ ಮಂಗಳೂರಿನ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದವರು. ಮಾಸ್ಟ್ರು ಎಂದು ನಾವು ಕರೆದದ್ದಷ್ಟೇ, ಶಾಲೆಯಲ್ಲಿ ಕಲಿಸಿದವರಲ್ಲ. ಅವರ ಮನೆಮಾತು ಕೊಂಕಣಿ, ನನ್ನದು ತುಳು, ನಮ್ಮಿಬ್ಬರ ನಡುವೆ ಕನ್ನಡ.

ಬಂದವರಿಗೆಲ್ಲ ಅತಿ ದೊಡ್ಡದಾಗಿ ತೋರಿಸುವ ಸ್ಕೋಪೇ ಬೇಕು. ಮಾಸ್ಟ್ರು ವಾದ ಮಾಡುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಅವರನ್ನು ತಾರಸಿಗೆ ಕರೆದೊಯ್ದು, ಬಂದರಿನಲ್ಲಿ ನಿಂತ ಹಡಗಿನ ಹೆಸರು ಓದಿಸುತ್ತಿದ್ದರು. ದೊಡ್ಡದು ಮಾಡಿದಷ್ಟೂ ಅಕ್ಷರಗಳು ಕಾವಿಗೆ ಕುದಿಯುವ ಗಂಜಿಯ ಹಾಗೆ ಅಲುಗುತ್ತಿದ್ದವು. ನನಗೆ ಮೆಲ್ಲಗೆ ಹೇಳುವರು: "ದೊಡ್ಡದು ಮಾಡಿದ್ರೆ ಪ್ರಾಣಿ ಮಾತ್ರ ದೊಡ್ಡದಾಗುದಲ್ಲ ಮಾರಾಯ, ಕೈ ನಡುಗುದೂ ದೊಡ್ಡದಾಗ್ತದೆ." ಸಂಜೆ ಬೆಳಕು ಇಳಿಯುವಾಗ ಗಿರಾಕಿಯನ್ನು ಮತ್ತೊಮ್ಮೆ ತಾರಸಿ ಹತ್ತಿಸುವರು. ಪ್ರಾಣಿಗಳು ಹೊರಗೆ ಬರುವುದೇ ಆ ಹೊತ್ತಿಗೆ. ಆಗಲೂ ಹೆಸರು ಓದಲು ಬಂದರೆ ಆ ಸ್ಕೋಪು ಪಾಸು.

ನಮ್ಮ ಧಣಿ ಅರ್ಬಾಬ್ ಕೆಟ್ಟವನೇನಲ್ಲ. ಕೈಯಾರೆ ಖರ್ಜೂರ ತಂದು ಕೊಡುತ್ತಿದ್ದ. ಆದರೆ ನಮ್ಮೆಲ್ಲರ ಪಾಸ್‌ಪೋರ್ಟ್ ಅವನ ಕಬ್ಬಿಣದ ಕಪಾಟಿನಲ್ಲಿ. ಮಾಸ್ಟ್ರು ರಜೆ ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ನೀನು ಹೋದರೆ ಆರಿಸುವವರು ಯಾರು?" ಹೀಗೇ ಆರು ವರ್ಷ ಕಳೆದಿತ್ತು. ಕೆಲಸ ಚೆನ್ನಾಗಿ ಬರುತ್ತದೆ ಎಂಬುದೇ ಆ ಮನುಷ್ಯನಿಗೆ ಸೆರೆಯಾಗಿತ್ತು.

ಆ ವರ್ಷ ಅವರ ಒಬ್ಬಳೇ ಮಗಳ ಮದುವೆ ನಿಶ್ಚಯವಾಯಿತು. "ಧಾರೆ ಎರೆಯುವ ಕೈ ನನ್ನದೇ ಆಗ್ಬೇಕು" ಎಂದು ಮಾಸ್ಟ್ರು ಮೊದಲ ಸಲ ಹಟ ಹಿಡಿದರು. ಅರ್ಬಾಬ್ ಯೋಚಿಸಿ ನನ್ನ ಕಡೆ ಬೆರಳು ತೋರಿಸಿದ. "ಇವನಿಗೆ ಕಲಿಸು. ನನ್ನ ಎದುರು ಸರಿಯಾಗಿ ಆರಿಸಲಿ. ನೀನು ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೋಗು, ಇವನು ಇಲ್ಲಿರುತ್ತಾನೆ."

ಎರಡು ತಿಂಗಳು ಅವರು ಏನನ್ನೂ ಮುಚ್ಚಿಡದೆ ಕಲಿಸಿದರು. ಹಾಗೆ ಮನಸ್ಸಿಟ್ಟು ನನಗೆ ಯಾರೂ ಏನನ್ನೂ ಕಲಿಸಿಲ್ಲ. ಆದರೆ ಕಲಿಯುತ್ತ ಹೋದಂತೆ, ಅವರ ಜಾಗದಲ್ಲಿ ಸೆರೆಯಾಗುವವನು ನಾನೇ ಎಂದು ತಿಳಿಯತೊಡಗಿತು. ಮದುವೆಯಾಗಿ ಒಂದು ವರ್ಷ ತುಂಬುವ ಮೊದಲೇ ಹೆಂಡತಿಯನ್ನು ಬಿಟ್ಟು ಬಂದವನು ನಾನು. ಅದೇ ದೇಶದ ಅಸ್ಕರ್ ಎಂಬ ಊರ ಕಡೆ ಒಂದು ವರ್ಕ್‌ಶಾಪಿನಲ್ಲಿ ವರ್ಷ ವರ್ಷ ರಜೆ ಕೊಡುವ ಕೆಲಸ ಕಾದಿತ್ತು. ಅರ್ಬಾಬ್ ರಿಲೀಸ್ ಕಾಗದ ಕೊಟ್ಟರಷ್ಟೇ ಅಲ್ಲಿಗೆ ಹೋಗಬಹುದು. ಕೆಲಸ ಬಲ್ಲವನಿಗೆ ಅವನು ಯಾಕೆ ಕೊಟ್ಟಾನು?

ಪರೀಕ್ಷೆಯ ದಿನ ಅರ್ಬಾಬ್ ಮೇಜಿನ ಮೇಲೆ ಮೂರು ಸ್ಕೋಪು ಇಟ್ಟ. ಗಿರಾಕಿ ಹೊರಟದ್ದು ಬೆಟ್ಟದ ಕಾಡುಮೇಕೆಯ ಬೇಟೆಗೆ. ನಾನೂರು ಮೀಟರ್ ದೂರ, ಮುಂಜಾವಿನ ಬೆಳಕು. ನಡುವಿನದ್ದು ಎಂದು ನನಗೆ ನೋಡಿದ ಕೂಡಲೇ ತಿಳಿಯಿತು. ಮಾಸ್ಟ್ರು ಗಾಜು ಒರೆಸುವ ಬಟ್ಟೆ ಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಎಲ್ಲಕ್ಕಿಂತ ದೊಡ್ಡದನ್ನು ಎತ್ತಿಕೊಂಡೆ.

ಅರ್ಬಾಬ್ ನಕ್ಕ. ಮಾಸ್ಟ್ರು ನಡುವಿನದ್ದನ್ನು ಗಿರಾಕಿಯ ಕೈಗಿತ್ತರು.

ಮಾಸ್ಟ್ರಿಗೆ ರಜೆ ಸಿಗಲಿಲ್ಲ; ಊರಲ್ಲಿ ಅವರ ಮಗಳನ್ನು ಅವರ ತಮ್ಮ ಧಾರೆ ಎರೆದುಕೊಟ್ಟ. ಆ ಮುಹೂರ್ತಕ್ಕೆ ಸರಿಯಾಗಿ ಮಾಸ್ಟ್ರು ಯಾವನೋ ಗಿರಾಕಿಯ ಮುಂದೆ ಸ್ಕೋಪು ಹಿಡಿದು ನಿಂತಿದ್ದರು. ನಾನು ಗೋದಾಮಿಗೆ ಹೋಗಿ ಬೇಡದ ಪೆಟ್ಟಿಗೆಗಳನ್ನು ಜೋಡಿಸುತ್ತ ಕುಳಿತೆ. ತಿಂಗಳೊಳಗೆ ನನಗೆ ರಿಲೀಸ್ ಸಿಕ್ಕಿತು. ಉಪಯೋಗವಿಲ್ಲದವನು ಹೋದರೆ ಹೋಗಲಿ ಎಂದು ಅರ್ಬಾಬ್ ಕೇಳಿದ ದಿನವೇ ಸಹಿ ಹಾಕಿದ.

ಹೊರಡುವ ದಿನ ಮಾಸ್ಟ್ರು ನನ್ನ ಪೆಟ್ಟಿಗೆಯನ್ನು ಟ್ಯಾಕ್ಸಿಯವರೆಗೆ ಹೊತ್ತು ತಂದರು.

"ನಡುವಿನದ್ದು ಅಂತ ನಿನಗೆ ಗೊತ್ತಿತ್ತು," ಎಂದರು.

ನಾನು ಪೆಟ್ಟಿಗೆಯನ್ನು ಅವರ ಕೈಯಿಂದ ತೆಗೆದುಕೊಂಡು ಟ್ಯಾಕ್ಸಿಗೆ ಹಾಕಿದೆ.

"ನನಗೂ ಇದೇ ಅಂಗಡಿಯಲ್ಲಿ ಒಬ್ರು ಕಲಿಸಿದ್ರು. ಅವರಿಗೂ ಊರಿಗೆ ಹೋಗ್ಬೇಕಿತ್ತು. ಇದೇ ಮೇಜಲ್ಲಿ ನನಗೂ ಪರೀಕ್ಷೆ ಇಟ್ಟಿದ್ರು." ಅವರು ಟ್ಯಾಕ್ಸಿಯ ಬಾಗಿಲು ತೆರೆದು ಹಿಡಿದರು. "ನಾನು ಸರಿಯಾದ್ದನ್ನು ಆರಿಸಿದೆ. ಕೂತ್ಕೊ, ಹೊತ್ತಾಯ್ತು."

ಮೂರು ವರ್ಷದ ಮೇಲೆ ಅವರು ಅಲ್ಲಿಯೇ ಎದೆನೋವಿನಿಂದ ತೀರಿಕೊಂಡರು. ನಾನು ವರ್ಷಕ್ಕೊಮ್ಮೆ ಊರಿಗೆ ಹೋಗಿ ಬಂದೆ, ನನ್ನ ಮಗಳನ್ನು ನಾನೇ ಧಾರೆ ಎರೆದುಕೊಟ್ಟೆ. ಅಂದು ತಂಬಿಗೆ ಹಿಡಿದ ನನ್ನ ಕೈ ನಡುಗಿದ್ದನ್ನು ಕಂಡು, ಮಗಳನ್ನು ಕಳಿಸುವ ಸಂಕಟ ಎಂದು ನೆಂಟರು ಸಮಾಧಾನ ಹೇಳಿದರು. ನಾನು ಹೌದೆಂದೆ.