ಎರಕದ ಮೇಲೆ ಹೊಡೆದ ಹೆಸರು

ಪಕ್ಕದ ಮನೆಯ ಅಕ್ಕ ಮಗನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಯ ಇಳಿಜಾರು ಇಳಿಯುವುದು ನಿನ್ನೆಯಿಂದ ನನ್ನ ಕಣ್ಣಿಗೆ ಕಟ್ಟಿದೆ. ಮಗಳಿಗೆ ತುತ್ತು ಕೊಡುವಾಗಲೂ ಅದೇ, ಬಟ್ಟೆ ಒಣಹಾಕುವಾಗಲೂ ಅದೇ. ಆ ಹಳೆಯ ಸೈಕಲ್ಲನ್ನು ಕಟ್ಟಿಕೊಟ್ಟವರು ನನ್ನ ಚಿಕ್ಕಪ್ಪ. ಅಕ್ಕನನ್ನು ಅವರ ಅಂಗಡಿಗೆ ಕರೆದುಕೊಂಡು ಹೋದವಳು ನಾನು.

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದು ಚಿಕ್ಕಪ್ಪನೇ. ಹಳೆಯ ಸೈಕಲ್ಲುಗಳನ್ನು ಬಿಚ್ಚಿ ಕಟ್ಟುವುದು ಅವರ ಕಸುಬು, ಬ್ರೇಕು ಅವರ ಹುಚ್ಚು. ಬೀದಿಯವರಿಗೆಲ್ಲ ಅವರು ‘ಬ್ರೇಕಪ್ಪ’. ಮಾತಿಗೆ ಮಾತ್ರ ಬ್ರೇಕಿಲ್ಲ. ಶಾಲೆ ಬಿಟ್ಟೊಡನೆ ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದೆ. ಮೊದಮೊದಲು ಸೈಕಲ್ ಕಂಪನಿಯ ಹೆಸರೊಂದೇ ಇರುತ್ತಿತ್ತಂತೆ, ಬ್ರೇಕು ಯಾರದೆಂದು ಕೇಳುವವರಿರಲಿಲ್ಲವಂತೆ. ಆಮೇಲೆ ಬ್ರೇಕು ಮಾಡುವವರು ಹಿಡಿಯ ಮೇಲೆ ತಮ್ಮದೇ ಹೆಸರು ಒತ್ತತೊಡಗಿದರು, ಜಾಹೀರಾತು ಕೊಟ್ಟರು, ಗಿರಾಕಿಗಳೂ ಹೆಸರು ಹಿಡಿದು ಕೇಳತೊಡಗಿದರು.

“ಹೆಸರು ಒತ್ತಿದ ಅಂದ್ರೆ, ಕೆಟ್ಟರೆ ನನ್ನ ಕೇಳಿ ಅಂತ ಎದೆ ತಟ್ಟಿ ಹೇಳಿದ ಹಾಗೆ ಕಣಮ್ಮ” ಎನ್ನುತ್ತಿದ್ದರು. ಇನ್ನೊಂದನ್ನೂ ಕಲಿಸಿದ್ದರು. ಕಾಯಿಸಿ ಬಡಿದು ಮಾಡಿದ ಹಿಡಿ, ಹೆಸರಿನ ಅಚ್ಚಿಟ್ಟು ಹೊಡೆದ ಏಟು ತಡೆಯುತ್ತದೆ. ಕರಗಿಸಿ ಹೊಯ್ದ ಎರಕದ ಹಿಡಿ ಆ ಏಟಿಗೆ ಒಳಗೇ ಬಿರುಕು ಬಿಡುತ್ತದೆ. ಕಣ್ಣಿಗೆ ಕಾಣದು, ಜೋರಾಗಿ ಒತ್ತಿದ ದಿನ ಮುರಿಯುತ್ತದೆ.

ನಿನ್ನೆ ನನ್ನ ಸೈಕಲ್ಲಿಗೆ ಬ್ರೇಕಿನ ರಬ್ಬರು ಹಾಕಿಸಲು ಹೋದೆ. ಮೇಜಿನ ವೈಸಿನ ಇಕ್ಕಳದಲ್ಲಿ ಹೊಚ್ಚ ಹೊಸ ಎರಕದ ಹಿಡಿಯಿತ್ತು. ಚಿಕ್ಕಪ್ಪ ಅದರ ಮೇಲೆ ಎಂದೋ ಮುಚ್ಚಿಹೋದ ಕಂಪನಿಯ ಅಚ್ಚು ಇಟ್ಟು ಸುತ್ತಿಗೆ ಎತ್ತಿದ್ದರು. ಪಕ್ಕದ ಬೋಗುಣಿಯ ಉಪ್ಪುನೀರಿನಲ್ಲಿ ಇನ್ನಷ್ಟು ಹಿಡಿಗಳು ನೆನೆದು ಹಳೆಯವಾಗುತ್ತಿದ್ದವು.

“ಇದೇನು ಚಿಕ್ಕಪ್ಪ?”

ಬೆಚ್ಚಿದರು, ಆದರೂ ನಕ್ಕರು. “ಹೆಸರಿಲ್ಲದ ಕೂಸಿಗೆ ಹೆಸರಿಡ್ತಿದ್ದೀನಿ. ಹಳೇ ಮಾಲು ಈಗೆಲ್ಲಿ ಸಿಗುತ್ತೆ? ಬರೋರಿಗೆಲ್ಲಾ ಅದೇ ಹೆಸರು ಬೇಕು.”

“ಎರಕದ್ದಕ್ಕೆ ಹೊಡೀಬಾರದು ಅಂತ ನೀವೇ ಹೇಳಿದ್ರಲ್ಲ!”

“ಎಲ್ಲಾನೂ ಮುರಿಯುತ್ತಾ? ನೀನೊಬ್ಬಳು, ಹಗ್ಗ ಕಂಡ್ರೂ ಹಾವು ಅಂತ ಕಿರುಚ್ತೀಯ.”

“ಅಕ್ಕನ ಸೈಕಲ್‌ಗೆ ಹಾಕಿರೋದೂ ಇಂಥದ್ದೇನಾ?”

ಸುತ್ತಿಗೆ ಕೆಳಗಿಟ್ಟು ಕೈ ಒರೆಸಿಕೊಂಡರು. “ನಿಂದು ಅಸಲಿ ಕಣೇ. ಮನೆ ಮಗಳಿಗೆ ಮೋಸ ಮಾಡ್ತೀನಾ?”

ನನಗೆ ಸಮಾಧಾನವಾಗಲಿ ಎಂದೇ ಅವರು ಹಾಗೆ ಹೇಳಿದ್ದು. ನಾನು ಹೊರಟಾಗ ಬಾಗಿಲವರೆಗೂ ಬಂದರು. “ಆಕೆಗೆ ಹೇಳಬೇಡ ಮಗಳೇ. ಇಷ್ಟು ವರ್ಷದ ನನ್ನ ಹೆಸರು ಮಣ್ಣುಪಾಲಾಗುತ್ತೆ.”

ಇಂದು ಶಾಲೆಗೆ ರಜೆ, ಅಕ್ಕನ ಸೈಕಲ್ಲು ಮೆಟ್ಟಿಲ ಕೆಳಗೆ ನಿಂತಿದೆ. ನಾಳೆ ಅದು ಇಳಿಜಾರು ಇಳಿಯುತ್ತದೆ. ಚಿಕ್ಕಪ್ಪನ ಅನ್ನ ಉಂಡು ಬೆಳೆದವಳು ನಾನು. ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ, ಮಗಳನ್ನು ಮಲಗಿಸಿ ಬಂದು ಮತ್ತೆ ಎತ್ತಿಕೊಂಡೆ.

“ಅಕ್ಕಾ, ನಾಳೆ ಸೈಕಲ್ ತೆಗೀಬೇಡಿ.”

“ಯಾಕೆ, ಮಳೆ ಬರುತ್ತಾ?” ಅಕ್ಕ ನಕ್ಕರು.

“ಅಲ್ಲ. ಬ್ರೇಕಿನ ಹಿಡಿ ನಕಲಿ. ಒತ್ತಿದಾಗ ಮುರಿದುಹೋಗಬಹುದು.”

“ಏನು ಹೇಳ್ತಿದ್ದೀಯ? ನಿಮ್ಮ ಚಿಕ್ಕಪ್ಪ ತಾನೇ ಹಾಕಿದ್ದು?”

“ಹೌದಕ್ಕಾ. ಗೊತ್ತಿದ್ದೂ ಹಾಕಿದ್ದಾರೆ.”